ಜೊತೆಗಿದ್ದ ಕುದುರೆ ಸತ್ತಾಗ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ರಾಜರಾಜೇಶ್ವರಿನಗರದಾಚೆ, ಉತ್ತರಹಳ್ಳಿ ರಸ್ತೆಯಿಂದ ಒಳಕ್ಕೆ ನಮ್ಮದೊಂದು ಚಿಕ್ಕ ತೋಟವಿದೆ. ಅಲ್ಲಿ ಎರಡು ಕುದುರೆ ಸಾಕಿದ್ದೆವು. ಒಂದು ರೇಸಿನಿಂದ ನಿವೃತ್ತಿಯಾದ ಹೆಣ್ಣು ಕುದುರೆ, ಹದಿನಾಲ್ಕು ವರ್ಷ. ಇನ್ನೊಂದು ವಯಸ್ಸಾದ ಕಾಠಿಯಾವಾಡಿ ಗಂಡು. ಹೋದ ತಿಂಗಳು ಗಂಡು ಕುದುರೆ ಹೊಟ್ಟೆಶೂಲೆ ಬಂದು ರಾತ್ರೋರಾತ್ರಿ ಹೋಗಿಬಿಟ್ಟಿತು. ಬೆಳಗಾಗುವುದರೊಳಗೆ ಜೆಸಿಬಿ ತರಿಸಿ ತೋಟದ ಮೂಲೆಯಲ್ಲೇ ಹೂತೆವು. ನೋಡಿ ಗಾಬರಿಯಾಗಬಾರದೆಂದು ಹೆಣ್ಣನ್ನು ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿದ್ದೆವು. ಆವತ್ತಿನಿಂದ ಅದು ಅದಾಗಿಲ್ಲ. ಮೊದಲ ವಾರ ಗೇಟಿನ ಕಡೆ ಮುಖ ಮಾಡಿ ಕೆನೆಯುತ್ತಲೇ ಇತ್ತು. ಬೇಲಿಯ ಪಕ್ಕ ನಡೆದೂ ನಡೆದೂ ನೆಲ ಸವೆದಿದೆ. ಹುರುಳಿಯನ್ನು ಅರ್ಧಕ್ಕೇ ಬಿಡುತ್ತದೆ. ನಾವು ಕಂಡಂತೆ ಈ ತಿಂಗಳಲ್ಲಿ ಒಮ್ಮೆಯೂ ಮಲಗಿಲ್ಲ. ಗಂಡು ಕುದುರೆಯ ಹಳೇ ತಡಿ ಹೊರಗೆ ತಂದರೆ ಮೂಸಿ ಮೂಸಿ ಮೇಲ್ತುಟಿ ಎತ್ತಿ ನಿಲ್ಲುತ್ತದೆ. ಇನ್ನೊಂದು ವಿಚಿತ್ರವಿದೆ. ಮೇವಿನ ಹೊತ್ತಿಗೆ ಬಕೆಟ್ ಒದೆಯುವ ಚಾಳಿ ಗಂಡಿನದಾಗಿತ್ತು, ಈಗ ಇದು ಒದೆಯುತ್ತಿದೆ. ಮನೆಯವರು ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಅಂತಾರೆ. ನನಗೆ ಸಮಾಧಾನವಿಲ್ಲ.
— ತೋಟದ ಒಡತಿ, ರಾಜರಾಜೇಶ್ವರಿನಗರ

ಉತ್ತರ: ನಿಮಗೆ ಸಮಾಧಾನವಿಲ್ಲದಿರುವುದು ಸರಿಯಾಗಿಯೇ ಇದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆನೆತವಲ್ಲ, ಮಲಗಿಲ್ಲ ಎಂಬ ಮಾತು. ಮೊದಲು ಅದನ್ನೇ ನೋಡೋಣ.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದು ಅರ್ಧ ಮಾತ್ರ ನಿಜ. ಕಾಲಿನ ಕೀಲುಗಳನ್ನು ಬಿಗಿಹಿಡಿದು ನಿಂತಲ್ಲೇ ತೂಕಡಿಸುವ ಅನುಕೂಲ ಅದರ ದೇಹದಲ್ಲಿದೆ. ಆದರೆ ಕನಸು ಕಾಣುವ ಹಂತದ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುವುದರಿಂದ ಆ ನಿದ್ದೆಗೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಿಕ್ಕಿದರೂ ಸಾಕು. ಮಲಗಿರುವ ಕುದುರೆ ತಟ್ಟನೆ ಓಡಲಾರದು. ಹುಲ್ಲುಗಾವಲಿನಲ್ಲಿ ಬೇಟೆಗೆ ಸಿಕ್ಕುವ ಪ್ರಾಣಿಯಾಗಿ ಬೆಳೆದು ಬಂದ ಜೀವ ಅದು. ಪಕ್ಕದಲ್ಲಿ ಇನ್ನೊಂದು ಎಚ್ಚರವಾಗಿ ನಿಂತಿದ್ದರೆ ಧೈರ್ಯವಾಗಿ ಮೈ ಚೆಲ್ಲುತ್ತದೆ, ಇಲ್ಲದಿದ್ದರೆ ಹಲವು ಕುದುರೆಗಳು ಮಲಗುವುದೇ ಇಲ್ಲ. ನಿಮ್ಮ ಲಾಯದಲ್ಲಿ ಆ ಕಾವಲುಗಾರ ಹೊರಟುಹೋಗಿದ್ದಾನೆ.

ಹೀಗೆ ನಿದ್ದೆಗೆಟ್ಟ ಕುದುರೆ ಹಗಲಲ್ಲೇ ನಿಂತಲ್ಲಿ ತಲೆ ವಾಲಿಸಿ, ಮುಂಗಾಲು ಮಡಿದು ಕುಸಿಯಲು ಹೋಗುತ್ತದೆ, ನೆಲ ತಾಗುವಷ್ಟರಲ್ಲಿ ಬೆಚ್ಚಿ ಎದ್ದು ನಿಲ್ಲುತ್ತದೆ. ಇದನ್ನು ಮೂರ್ಛೆ ಎಂದು ತಿಳಿದು ಗಾಬರಿಬಿದ್ದವರಿದ್ದಾರೆ. ಇವತ್ತು ಸಂಜೆ ಟಾರ್ಚ್ ಹಿಡಿದು ಅದರ ಮುಂಗಾಲುಗಳ ಮುಂಭಾಗ ನೋಡಿ, ಮಂಡಿಯಲ್ಲೂ ಗೊರಸಿನ ಮೇಲಿನ ಗಿಣ್ಣಿನಲ್ಲೂ. ಕೂದಲು ಸವೆದು ತರಚು ಗಾಯ ಒಣಗಿದ್ದರೆ ಕುದುರೆ ಕುಸಿಯುತ್ತಿದೆ ಎಂದರ್ಥ. ಸವಾರಿಯನ್ನು ಅವತ್ತೇ ನಿಲ್ಲಿಸಿ. ಲಾಯದಲ್ಲಿ ಒಣಹುಲ್ಲನ್ನು ದಪ್ಪನಾಗಿ ಹಾಸಿ. ಮೈಮೇಲೆ ಹುಲ್ಲಿನ ಕಡ್ಡಿ ಅಂಟಿದೆಯೇ ಎಂದು ಬೆಳಗ್ಗೆ ನೋಡಿದರೆ ರಾತ್ರಿ ಮಲಗಿತ್ತೋ ಇಲ್ಲವೋ ಗೊತ್ತಾಗುತ್ತದೆ. ಒಂದು ಸಾದಾ ಸಿಸಿ ಕ್ಯಾಮೆರಾ ಇಟ್ಟರೆ ಇನ್ನೂ ಖಚಿತ.

ಎರಡನೆಯದು, ಇದೆಲ್ಲ ಅಗಲಿಕೆಯ ದುಃಖ ಎಂದು ತೀರ್ಮಾನಿಸುವ ಮೊದಲು ರೋಗವೇನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ಪ್ರೀತಿಯಿಂದ ದುಃಖವೆಂದು ಕರೆದದ್ದು ಕೆಲವೊಮ್ಮೆ ವಿಷವಾಗಿರುತ್ತದೆ. ಎರಡೂ ಕುದುರೆ ತಿಂದದ್ದು ಒಂದೇ ಚೀಲದ ಮೇವಲ್ಲವೇ? ಆ ಚೀಲವನ್ನು ಬೆಳಕಿಗೆ ತಂದು ಸುರಿದು ನೋಡಿ. ಮುಸುಕಿನ ಜೋಳಕ್ಕೆ ಬೂಷ್ಟು ಹಿಡಿದಿದ್ದರೆ ಅದರ ಶಿಲೀಂಧ್ರದ ವಿಷ ಕುದುರೆಯ ಮಿದುಳನ್ನೇ ಕೊಳೆಸುತ್ತದೆ. ಅಂಥ ಕುದುರೆ ಮಂಕಾಗುತ್ತದೆ, ಗೊತ್ತುಗುರಿಯಿಲ್ಲದೆ ಸುತ್ತುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕಣ್ಣು ಕಾಣದಂತೆ ಎಡವುತ್ತದೆ. ಹಸುವಿಗೆ, ಕೋಳಿಗೆ ತಯಾರಾದ ಆಹಾರವನ್ನು ಕುದುರೆಗೆ ಹಾಕಿದ್ದರೂ ಅಪಾಯವಿದೆ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಹಸುವಿಗೆ ಒಗ್ಗಿದರೂ ಕುದುರೆಯ ಹೃದಯಕ್ಕೆ ಮಾರಕ. ನಮ್ಮ ಬಡಾವಣೆಗಳ ಬೇಲಿಯಲ್ಲಿ ಅಂದಕ್ಕೆ ಬೆಳೆಸುವ ಕಣಗಿಲೆಯೂ ಹಾಗೆಯೇ. ಕತ್ತರಿಸಿ ಎಸೆದ ಸೊಪ್ಪು ಹುಲ್ಲಿನೊಡನೆ ಬೆರೆತು ಬಂದರೆ ಕುದುರೆ ಉಳಿಯುವುದು ಕಷ್ಟ.

ಜ್ವರ ನೋಡಿ. ಆರೋಗ್ಯವಂತ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ವಿಶ್ರಾಂತಿಯಲ್ಲಿ ಎದೆಬಡಿತ ನಿಮಿಷಕ್ಕೆ 28ರಿಂದ 44. ದವಡೆಯ ಕೆಳಗಿನ ನಾಡಿಗೆ ಬೆರಳಿಟ್ಟರೆ ಸಿಗುತ್ತದೆ. ಲದ್ದಿ ದಿನಕ್ಕೆ ಎಂಟು, ಹತ್ತು ಸಲ ಬೀಳಬೇಕು. ಇವುಗಳಲ್ಲಿ ಯಾವುದು ಹೆಚ್ಚುಕಮ್ಮಿಯಾದರೂ ಪಶುವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. ಅರ್ಧಕ್ಕೇ ಮೇವು ಬಿಡುವುದರಲ್ಲಿ ಇನ್ನೊಂದು ತೊಂದರೆಯಿದೆ. ಕುದುರೆಯ ಜಠರ ತಿಂದರೂ ತಿನ್ನದಿದ್ದರೂ ಹಗಲಿರುಳು ಆಮ್ಲ ಸುರಿಸುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಬಿದ್ದರೆ ಹುಣ್ಣಾಗುತ್ತದೆ, ಹುಣ್ಣಿನ ನೋವಿಗೆ ಮತ್ತೂ ತಿನ್ನುವುದಿಲ್ಲ. ಹುರುಳಿ ಕಮ್ಮಿ ಮಾಡಿ. ಹುಲ್ಲು ಮಾತ್ರ ಸದಾ ಬಾಯಿಗೆ ಸಿಗುವಂತಿರಲಿ. ಯಾರಾದರೂ ಗೊಟ್ಟದಲ್ಲಿ ಎಣ್ಣೆಯೋ ಕಷಾಯವೋ ಹಾಕಿ ಎಂದರೆ ಬೇಡವೆನ್ನಿ. ಅದು ಶ್ವಾಸಕೋಶಕ್ಕೆ ಇಳಿದರೆ ಒಂದು ಸಂಕಟ ಹೋಗಿ ಎರಡಾಗುತ್ತದೆ.

ದೇಹದಲ್ಲಿ ದೋಷವಿಲ್ಲವೆಂದು ತಿಳಿದ ಮೇಲೆ ಉಳಿಯುವುದು ಜೊತೆಯ ಪ್ರಶ್ನೆ. ನೀವು ಎಷ್ಟೇ ಹೊತ್ತು ಪಕ್ಕದಲ್ಲಿ ಕುಳಿತರೂ ರಾತ್ರಿ ಎರಡು ಗಂಟೆಗೆ ಅದಕ್ಕೆ ಕಾವಲಿರಲಾರಿರಿ. ಇನ್ನೊಂದು ಕುದುರೆ ತರುವುದು ಎಲ್ಲಕ್ಕಿಂತ ಒಳ್ಳೆಯದು. ತರುವ ಮುನ್ನ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಕೇಳಿ. ತಂದ ಮೇಲೆ ಎರಡು ಮೂರು ವಾರ ದೂರದಲ್ಲಿ ಕಟ್ಟಿ, ಆಮೇಲೆ ಬೇಲಿಯ ಆಚೀಚೆ ಮೂತಿಗೆ ಮೂತಿ ತಾಗಿಸಿ, ಕೊನೆಗೆ ಒಂದೇ ಅಂಗಳಕ್ಕೆ ಬಿಡಿ. ಕುದುರೆ ಆಗದಿದ್ದರೆ ಕತ್ತೆ ಆದೀತು, ಆಡು ಆದೀತು. ರೇಸ್ ಕುದುರೆಯ ಲಾಯದಲ್ಲಿ ಆಡು ಕಟ್ಟುವುದು ಬಹಳ ಹಳೆಯ ರೂಢಿ. ನಿಮ್ಮ ಹೆಣ್ಣು ಕುದುರೆಗೂ ಪರಿಚಯವಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿಯವರೆಗೆ ನಿಮ್ಮ ಕೈಯಿಂದ ಆಗುವ ಒಂದು ಉಪಕಾರವಿದೆ. ಎರಡು ಕುದುರೆ ಎದುರುಬದುರು ನಿಂತು ಒಂದರ ಕುತ್ತಿಗೆಯ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದನ್ನು ನೀವು ನೋಡಿಯೇ ಇರುತ್ತೀರಿ. ದಕ್ಷಿಣ ಫ್ರಾನ್ಸಿನ ಕಾಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಅದೇ ಜಾಗವನ್ನು ಕೈಯಿಂದ ಕೆರೆದು ನೋಡಿದರು. ಕುದುರೆಯ ಎದೆಬಡಿತ ಇಳಿಯಿತು. ಬೇರೆ ಜಾಗದಲ್ಲಿ ಕೆರೆದಾಗ ಹಾಗಾಗಲಿಲ್ಲ. ಆಯಾಲು ಮುಗಿದು ಬೆನ್ನಿನ ದಿಬ್ಬ ಶುರುವಾಗುವ ಕಡೆ ಬೆರಳುಗಳನ್ನು ಬಾಗಿಸಿ ಚೆನ್ನಾಗಿ ಒತ್ತಿ ಕೆರೆಯಿರಿ. ಅದು ಕುತ್ತಿಗೆ ಚಾಚಿ ಮೇಲ್ತುಟಿ ಅದುರಿಸಿದರೆ ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ. ಕಣ್ಣಿನ ಬಳಿ, ಹಣೆಯ ಮೇಲೆ ತಟ್ಟುವುದರಿಂದ ಅದಕ್ಕೇನೂ ಸುಖವಿಲ್ಲ.

ತಡಿಯನ್ನು ತೊಳೆದು ಒಳಗಿಡಬೇಡಿ. ಮೂಸುವಷ್ಟು ದಿನ ಮೂಸಲಿ. ತುಟಿ ಎತ್ತುವುದು ಆ ವಾಸನೆಯನ್ನು ಮೂಗಿನ ಒಳಗಿನ ಬೇರೊಂದು ಅಂಗಕ್ಕೆ ತಲುಪಿಸಿ ಪರೀಕ್ಷಿಸುವ ರೀತಿ. ಬಕೆಟ್ ಒದೆಯುವುದಕ್ಕೆ ನಾನು ಹೀಗೆ ಅರ್ಥ ಮಾಡುತ್ತೇನೆ: ಮೇವಿನ ಹೊತ್ತಿಗೆ ಗಂಡು ಕುದುರೆ ಸದ್ದು ಮಾಡುತ್ತಿತ್ತು, ಅದರ ಯಜಮಾನಿಕೆಯಲ್ಲಿ ಇದು ಹಿಂದೆ ನಿಲ್ಲುತ್ತಿತ್ತು. ಮುಂದಿನ ಜಾಗ ಖಾಲಿಯಾದಾಗ ಹಿಂದಿದ್ದದ್ದು ಮುಂದೆ ಬರುತ್ತದೆ. ಕೆಲವು ಕುದುರೆ ಹೀಗೆ ಜೋರಾಗುತ್ತವೆ, ಕೆಲವು ದಾರಿ ತೋರುವವರಿಲ್ಲದೆ ಅಂಜುತ್ತವೆ. ಒದ್ದಿದ್ದಕ್ಕೆ ಗದರಬೇಡಿ.

ಹೆಣ ತೋರಿಸದೆ ಹೂತಿದ್ದಕ್ಕೆ ನೀವು ನೊಂದುಕೊಳ್ಳುವುದೂ ಬೇಡ. ಮರೆಮಾಡುವುದೇ ಸರಿ ಎಂದು ಬಹಳ ಮಂದಿ ನಂಬಿದ್ದಾರೆ. ಈ ವಿಷಯವನ್ನು ಮುಂದಿನ ಪತ್ರದವರಿಗೂ ಹೇಳಬೇಕಿದೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮದು ಕೆಂಗೇರಿ. ತಾತ ಜಟಕಾ ಓಡಿಸಿದರು, ನಾವು ಮದುವೆಗೆ ಸಾರೋಟು ಕಟ್ಟುತ್ತೇವೆ. ಜೋಡಿ ಬಿಳಿ ಕುದುರೆ ಇತ್ತು. ಗೊರಸಿಗೆ ಮೊಳೆ ಹೊಕ್ಕು ಧನುರ್ವಾಯು ಆಗಿ ಒಂದು ಸತ್ತಿತು. ಉಳಿದಿದ್ದು ಈಗ ಲಾಯ ಬಿಟ್ಟು ಬರಲ್ಲ ಅನ್ನುತ್ತೆ. ಹೊರಗೆ ಎಳೆದರೆ ಹಿಂಗಾಲ ಮೇಲೆ ನಿಲ್ಲುತ್ತೆ. ಹುಡುಗನ ಕೈ ಕಚ್ಚಿದೆ. ಬೇರೆ ಕುದುರೆ ಪಕ್ಕಕ್ಕೆ ಕಟ್ಟಿದರೂ ನೊಗದಲ್ಲಿ ಹೊರಳಾಡುತ್ತೆ. ಸೀಸನ್ ಹತ್ತಿರ ಬಂತು. ಮಾರಿಬಿಡಿ ಅಂತಾರೆ. ಎಂಟು ವರ್ಷ ಅನ್ನ ಹಾಕಿದ ಕುದುರೆ ಸಾಹೇಬರೇ, ಹೆಂಗೆ ಮಾರಲಿ?
— ಸಾರೋಟಿನ ಮಾಲೀಕರು, ಕೆಂಗೇರಿ

ಉತ್ತರ: ಮಾರಬೇಡಿ. ಈ ಸ್ಥಿತಿಯಲ್ಲಿ ಕೈ ಬದಲಾದ ಕುದುರೆ ಒಳ್ಳೆಯ ಕಡೆ ಸೇರುವುದು ಅಪರೂಪ.

ಮೊದಲು ಹುಡುಗನ ಕೈಯ ಮಾತು. ಕಚ್ಚುವ ಅಭ್ಯಾಸವೇ ಇಲ್ಲದ ಕುದುರೆ ಇದ್ದಕ್ಕಿದ್ದಂತೆ ಕಚ್ಚಿದರೆ, ಅದಕ್ಕೆ ಬೀದಿನಾಯಿ ಕಡಿದಿತ್ತೇ ಎಂದು ನೆನಪು ಮಾಡಿಕೊಳ್ಳಿ. ಕುದುರೆಗೂ ರೇಬೀಸ್ ಬರುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿರದಿದ್ದರೆ ಈಗಲಾದರೂ ತೊಳೆದು, ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದಿನ ವಿಚಾರ ಕೇಳಿ. ಕುದುರೆಯನ್ನೂ ವೈದ್ಯರಿಗೆ ತೋರಿಸಿ. ನಿಮ್ಮ ಕುದುರೆ ಹೊಟ್ಟೆ ತುಂಬಾ ತಿಂದು ನೀರು ಕುಡಿದು ಲಾಯದೊಳಗೆ ಶಾಂತವಾಗಿದ್ದು, ಹೊರಗೆಳೆದಾಗ ಮಾತ್ರ ಹೀಗೆ ಮಾಡುತ್ತಿದ್ದರೆ ಅದು ಭಯವಿರಬೇಕು. ಆದರೂ ವೈದ್ಯರ ಮಾತು ಕೇಳುವವರೆಗೆ ಬಾಯಿಗೆ ಕೈ ಹಾಕಬೇಡಿ. ಧನುರ್ವಾಯು ಕುದುರೆಯಿಂದ ಕುದುರೆಗೆ ಹರಡುವುದಿಲ್ಲ. ಅದರ ಬೀಜ ಮಣ್ಣಿನಲ್ಲೂ ಲದ್ದಿಯಲ್ಲೂ ಇದೆ, ಲಾಯದಲ್ಲಿ ಬಿದ್ದ ಮೊಳೆಗಳೂ ಇನ್ನೂ ಇರಬಹುದು. ಲಸಿಕೆಯನ್ನು ಈ ವಾರವೇ ಹಾಕಿಸಿ.

ಇನ್ನು ಅದರ ಹಟ. ಜೋಡಿಯಲ್ಲಿ ಎಳೆಯುವ ಕುದುರೆಗೆ ಪಕ್ಕದ ಕುದುರೆಯ ಹೆಗಲು, ಉಸಿರು, ಹೆಜ್ಜೆಯ ಸದ್ದು ಎಲ್ಲವೂ ದಾರಿಗುರುತು. ಕಣ್ಣಿಗೆ ಪಟ್ಟಿ ಕಟ್ಟಿದಾಗಲಂತೂ ಅದು ನೋಡುವುದಕ್ಕಿಂತ ಕೇಳಿಯೇ ನಡೆಯುತ್ತದೆ. ಮೈಸೂರು ರಸ್ತೆಯ ಬಸ್ಸು, ಮೆಟ್ರೊ, ಬ್ಯಾಂಡ್‌ಸೆಟ್ಟು, ಪಟಾಕಿ ಇವೆಲ್ಲವನ್ನೂ ಅದು ಇಷ್ಟು ವರ್ಷ ಸಹಿಸಿದ್ದು ಪಕ್ಕದ್ದು ಬೆದರದೆ ನಡೆಯುತ್ತಿದೆ ಎಂಬ ಧೈರ್ಯದ ಮೇಲೆ. ಹೊಸ ಕುದುರೆಯನ್ನು ತಂದು ಅದೇ ದಿನ ನೊಗಕ್ಕೆ ಕಟ್ಟಿದರೆ ಗುರುತಿಲ್ಲದ ಮೈಯೊಂದು ತಾಗುತ್ತದೆ, ಆಗ ಹೊರಳಾಡುತ್ತದೆ.

ಚಾವಟಿ ಮುಟ್ಟಬೇಡಿ. ಹೊಸ ಕುದುರೆಯನ್ನು ಮೊದಲು ಲಾಯದಲ್ಲಿ ಜೊತೆ ಮಾಡಿಸಿ. ಪಕ್ಕಪಕ್ಕದಲ್ಲಿ ಹುಲ್ಲು ತಿನ್ನಲಿ, ಬೇಕಾದರೆ ಜಗಳವಾಡಲಿ. ಒಂದರ ಮೈಯನ್ನು ಇನ್ನೊಂದು ಕೆರೆಯುವುದನ್ನು ಕಂಡ ಮೇಲೆ ಎರಡನ್ನೂ ಬರಿಮೈಯಲ್ಲಿ ಹಗ್ಗ ಹಿಡಿದು ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ನಡೆಸಿ. ಆಮೇಲೆ ಸಾಮಾನು ಹೊರಿಸಿ, ಆಮೇಲೆ ಖಾಲಿ ಗಾಡಿ, ಬ್ಯಾಂಡು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಕುದುರೆ ಎಡಕ್ಕೆ ಎಳೆಯುತ್ತಿದ್ದರೆ ಎಡಕ್ಕೇ ಕಟ್ಟಿ, ಅದರ ಜಾಗ ಬದಲಿಸಬೇಡಿ. ಈ ಸೀಸನ್ನಿನ ಮೊದಲ ಮುಹೂರ್ತಗಳು ತಪ್ಪಬಹುದು. ನಿಮ್ಮ ಕಷ್ಟ ನನಗೆ ಗೊತ್ತು. ಒಪ್ಪಿಕೊಂಡಿರುವ ಮದುವೆಗಳಿಗೆ ಜೊತೆಯ ಸಾರೋಟಿನವರಿಂದ ಜೋಡಿ ಎರವಲು ಪಡೆಯಿರಿ. ಹೆದರಿದ ಕುದುರೆ ಮದುಮಕ್ಕಳನ್ನು ಹೊತ್ತು ಜನಸಂದಣಿಯಲ್ಲಿ ಬೆದರಿ ಓಡಿದರೆ ಆಗುವ ಅನಾಹುತಕ್ಕೆ ಹೋಲಿಸಿದರೆ ಆ ನಷ್ಟ ಸಣ್ಣದು.

ಈಗ ಹೆಣದ ಮಾತು, ನಿಮಗೂ ರಾಜರಾಜೇಶ್ವರಿನಗರದ ತಾಯಿಗೂ. ಕತ್ತೆಗಳಿಗಾಗಿಯೇ ಇರುವ ಬ್ರಿಟನ್ನಿನ ಡಾಂಕಿ ಸ್ಯಾಂಕ್ಚುರಿ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಜೋಡಿಯಲ್ಲಿ ಒಂದು ಸತ್ತರೆ, ಉಳಿದದ್ದು ತಾನಾಗಿ ಆಸಕ್ತಿ ಕಳೆದುಕೊಳ್ಳುವವರೆಗೆ ಹೆಣವನ್ನು ಅದರ ಬಳಿ ಬಿಡಬೇಕು. ಕತ್ತೆ ಕೊರಗಿ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸೇರಿ ಯಕೃತ್ತು ಕೆಟ್ಟು ಸಾಯುವುದೂ ಉಂಟು. ಸಣ್ಣ ಜಾತಿಯ ಕುದುರೆಗೂ ಈ ಅಪಾಯವಿದೆ. ಸತ್ತ ಮರಿಯನ್ನು ತಾಯಿಯ ಬಳಿ ಕೆಲಹೊತ್ತು ಬಿಡುವ ರೂಢಿ ಕುದುರೆ ತಳಿ ಕೇಂದ್ರಗಳಲ್ಲೂ ಇದೆ. ಉಳಿದ ಕುದುರೆ ಹತ್ತಿರ ಬರುತ್ತದೆ, ಮೂಸುತ್ತದೆ, ಮೂತಿಯಿಂದ ತಳ್ಳುತ್ತದೆ, ಗೊರಸಿನಿಂದ ಮುಟ್ಟುತ್ತದೆ, ದೂರ ಹೋಗಿ ಹುಲ್ಲು ಕಚ್ಚಿ ಮತ್ತೆ ಬರುತ್ತದೆ. ಕೆಲವು ಗಂಟೆಗಳಲ್ಲಿ ಬರುವುದು ಕಮ್ಮಿಯಾಗುತ್ತದೆ. ಸಾವೆಂದರೇನೆಂದು ಅದಕ್ಕೆ ತಿಳಿಯಿತೋ ಇಲ್ಲವೋ, ಜೊತೆಗಾರ ಎದ್ದು ಬರುವುದಿಲ್ಲ ಎಂಬುದನ್ನು ಮೂಗಿನಿಂದ ಪರೀಕ್ಷಿಸಿ ನೋಡಲು ಅವಕಾಶವಂತೂ ಸಿಗುತ್ತದೆ. ಸಾವಿನ ಕಾರಣ ಗೊತ್ತಿದ್ದರೆ ಮಾತ್ರ ಹೀಗೆ ಮಾಡಿ. ಕುದುರೆ ದಿಢೀರನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ ಇರಬಹುದು. ಹೆಣವನ್ನು ಕುಯ್ಯಬೇಡಿ, ಮುಟ್ಟಬೇಡಿ, ಬೇರೆ ಕುದುರೆಯನ್ನು ಬಳಿಗೆ ಬಿಡಬೇಡಿ. ಮೂಗಿನಿಂದ ಅಂಟು ಸಿಂಬಳ ಸುರಿದು, ಮೈಮೇಲೆ ಗಂಟು ಒಡೆದು ಸತ್ತಿದ್ದರೂ ಹಾಗೆಯೇ, ಅದು ಗ್ಲ್ಯಾಂಡರ್ಸ್ ಲಕ್ಷಣ. ಅದು ಮನುಷ್ಯರಿಗೂ ಹರಡುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ರೋಗ ಪತ್ತೆಯ ವ್ಯವಸ್ಥೆಯಿದೆ.

ಪ್ರಶ್ನೆ: ಪ್ರಾಣಿಗಳು ದುಃಖಪಡುತ್ತವೆ ಎನ್ನುವುದು ನಮ್ಮ ಭಾವನೆಯನ್ನು ಅವುಗಳ ಮೇಲೆ ಹೇರಿದಂತಲ್ಲವೇ? ಇದಕ್ಕೆ ಪುರಾವೆ ಇದೆಯೇ?
— ಪಿಯುಸಿ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯಮ್ಮ. ದುಃಖ ಎಂಬುದನ್ನು ಒಳಗಿನಿಂದ ಅಳೆಯುವ ಸಾಧನವಿಲ್ಲ. ಅದಕ್ಕೇ ಬಾರ್ಬರಾ ಕಿಂಗ್ ಎಂಬ ಮಾನವಶಾಸ್ತ್ರಜ್ಞೆ ಪ್ರಾಣಿಗಳ ದುಃಖದ ಬಗ್ಗೆ 2013ರಲ್ಲಿ ಬರೆದ ಪುಸ್ತಕದಲ್ಲಿ ಹೊರಗಿನಿಂದ ಕಾಣುವ ಗುರುತನ್ನೇ ಇಟ್ಟುಕೊಂಡರು: ಒಡನಾಡಿ ಸತ್ತ ಮೇಲೆ ಉಳಿದ ಪ್ರಾಣಿ ಸಂಕಟಪಟ್ಟು, ಅದರ ಊಟ, ನಿದ್ದೆ, ಓಡಾಟದ ರೀತಿ ಬದಲಾದರೆ ಅದನ್ನು ದುಃಖ ಎನ್ನಬಹುದು. ಈ ಅಳತೆಗೋಲು ನನಗೆ ಒಪ್ಪಿಗೆ.

ಪುರಾವೆಗಳನ್ನು ಒಂದೊಂದಾಗಿ ಜೋಡಿಸಬೇಕು. ಕುದುರೆಗೆ ತನ್ನ ಜೊತೆಯವು ಬಿಡಿಬಿಡಿಯಾಗಿ ಗೊತ್ತಿವೆಯೇ? ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗುಂಪಿನ ಒಂದು ಕುದುರೆಯನ್ನು ಎದುರಿನಿಂದ ನಡೆಸಿ ಮರೆಗೆ ಒಯ್ದರು. ಆಮೇಲೆ ಮರೆಯಿಂದ ಗುಂಪಿನ ಬೇರೊಂದು ಕುದುರೆಯ ಕೆನೆತ ಕೇಳಿಸಿದರು. ನೋಡುತ್ತಿದ್ದ ಕುದುರೆ ಬೇಗ ತಿರುಗಿತು, ಹೆಚ್ಚು ಹೊತ್ತು ಆ ಕಡೆಯೇ ನೋಡಿತು. ಕಂಡ ಮೈಗೂ ಕೇಳಿದ ದನಿಗೂ ಹೊಂದುತ್ತಿಲ್ಲವೆಂದು ಅದಕ್ಕೆ ತಿಳಿದಿತ್ತು. ಹಾಗಾದರೆ ಕುದುರೆ ಹುಡುಕುವುದು ಯಾವುದೋ ಒಂದು ಕುದುರೆಯನ್ನಲ್ಲ, ಇಂಥದ್ದೇ ಎಂಬ ಒಂದನ್ನು.

ಅಗಲಿಕೆಯ ಕೆನೆತ ಬೇರೆಯೇ? ಸ್ವಿಟ್ಜರ್ಲೆಂಡಿನ ಸಂಶೋಧಕರು ಜೊತೆಯವುಗಳಿಂದ ಬೇರ್ಪಡಿಸಿದಾಗಿನ ಮತ್ತು ಮತ್ತೆ ಕೂಡಿಸಿದಾಗಿನ ಕೆನೆತಗಳನ್ನು ದಾಖಲಿಸಿ 2015ರಲ್ಲಿ ಪ್ರಕಟಿಸಿದರು. ಒಂದೇ ಕೆನೆತದಲ್ಲಿ ಎರಡು ಮೂಲ ಸ್ವರಗಳಿವೆ. ಒಂದು ಎಷ್ಟು ಉದ್ವೇಗ ಎಂಬುದನ್ನೂ ಇನ್ನೊಂದು ಹಿತವೋ ಅಹಿತವೋ ಎಂಬುದನ್ನೂ ಸೂಚಿಸುತ್ತದೆ. ಕೂಡಿದಾಗಿನ ಕೆನೆತ ಚಿಕ್ಕದು. ಒಂಟಿತನ ಮೈಗೆ ತಟ್ಟುತ್ತದೆಯೇ? ಲಾಯದಲ್ಲಿ ಒಂಟಿಯಾಗಿ ನಿಂತು ಅತ್ತಿಂದಿತ್ತ ತೂಗಾಡುವ ಚಟ ಹತ್ತಿದ ಕುದುರೆಗಳ ಎದುರು ಕನ್ನಡಿ ಇಟ್ಟಾಗ ತೂಗಾಟ ಬಹಳ ಇಳಿಯಿತೆಂದು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2002ರಲ್ಲಿ ತೋರಿಸಿದರು. ಬಿಂಬದ ಜೊತೆಗೇ ಅಷ್ಟು ಹಂಬಲಿಸುವ ಪ್ರಾಣಿ ನಿಜವಾದ ಜೊತೆ ಕಳೆದುಕೊಂಡಾಗ ಏನೂ ಆಗದಂತೆ ಇದ್ದರೆ ಅದೇ ಆಶ್ಚರ್ಯ. ನಮ್ಮ ಭಾವನೆಯನ್ನು ಹೇರುವುದು ತಪ್ಪು, ಇರುವುದನ್ನು ಇಲ್ಲವೆನ್ನುವುದೂ ಅಷ್ಟೇ ತಪ್ಪು. ಕುದುರೆಗೆ ಆಗುವುದು ನಮ್ಮ ದುಃಖದಂಥದ್ದೇ ಇರಬೇಕಾಗಿಲ್ಲ, ಅದರದೇ ಆದದ್ದಿರಬಹುದು.

ಪ್ರಶ್ನೆ: ನಮ್ಮ ಅಜ್ಜಿ ಸತ್ತ ಕುದುರೆಯ ಗುಂಡಿಯ ಮೇಲೆ ಕಲ್ಲು ನೆಟ್ಟು ಹಾಲು ತುಪ್ಪ ಬಿಡಬೇಕೆಂದರು. ನೆಂಟರು ನಕ್ಕರು. ಇದು ಅಸಂಬದ್ಧವೇ?
— ಓದುಗರು, ಬಸವೇಶ್ವರನಗರ

ಉತ್ತರ: ಖಂಡಿತ ಅಲ್ಲ. ನಕ್ಕ ನೆಂಟರನ್ನು ಒಮ್ಮೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅಲ್ಲಿದೆ, ಕ್ರಿ.ಶ. 949–50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನೆಂಬ ವೀರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಕ್ಕೂ ಹಿಂದೆ ಈ ನಾಡು ಮಾಡಿದ್ದನ್ನೇ ನಿಮ್ಮ ಅಜ್ಜಿ ಕೇಳಿದ್ದಾರೆ. ಗುಂಡಿ ಆಳವಾಗಿರಲಿ, ಬಾವಿಯಿಂದಲೂ ಬೋರಿನಿಂದಲೂ ದೂರವಿರಲಿ, ಅಷ್ಟೇ.

ಪ್ರಶ್ನೆ: ಮಲ್ಲತ್ತಹಳ್ಳಿ ಕಡೆ ರಸ್ತೆಯಲ್ಲಿ ವಾಹನ ಬಡಿದು ಒಂದು ಕುದುರೆ ಸತ್ತು ಬಿದ್ದಿತ್ತು. ಅದರ ಸುತ್ತ ಮೂರು ಕುದುರೆ ನಿಂತು ಯಾರನ್ನೂ ಹತ್ತಿರ ಬಿಡಲಿಲ್ಲ. ಜನ ಕಲ್ಲು ಹೊಡೆದು ಓಡಿಸಿದರು. ನಾವು ಏನು ಮಾಡಬೇಕಿತ್ತು?
— ಬೆಳಗಿನ ವಾಕಿಂಗಿನವರು, ಜ್ಞಾನಭಾರತಿ ಬಡಾವಣೆ

ಉತ್ತರ: ಕಲ್ಲು ಹೊಡೆಯಬಾರದಿತ್ತು. ಬೆದರಿದ ಕುದುರೆ ರಸ್ತೆಗೇ ನುಗ್ಗುತ್ತದೆ, ಆಗ ಸಾಯುವುದು ಕುದುರೆಯೊಂದೇ ಆಗಿರುವುದಿಲ್ಲ.

ಇನ್ನೊಮ್ಮೆ ಹೀಗಾದರೆ ವಾಹನಗಳನ್ನು ದೂರದಲ್ಲೇ ನಿಧಾನಿಸುವಂತೆ ಮಾಡಿ, ಹಾರ್ನ್ ಬೇಡವೆಂದು ಹೇಳಿ. ಬಿದ್ದ ಕುದುರೆಗೆ ಜೀವವಿದೆಯೇ ಎಂದು ದೂರದಿಂದಲೇ ಹೊಟ್ಟೆಯ ಏರಿಳಿತ ನೋಡಿ. ಇದ್ದರೆ ತಕ್ಷಣ 1962ಕ್ಕೆ ಕರೆ ಮಾಡಿ, ಪಶುಪಾಲನಾ ಇಲಾಖೆಯ ಉಚಿತ ಸಹಾಯವಾಣಿ ಅದು. ಸತ್ತಿದ್ದರೆ ಪಾಲಿಕೆಯವರಿಗೂ ಸಂಚಾರ ಪೊಲೀಸರಿಗೂ ತಿಳಿಸಿ. ಉಳಿದವು ನಿಂತಿರಲಿ. ಸಾಗಿಸುವ ಗಾಡಿ ಬಂದಾಗ ರಸ್ತೆಬದಿಯ ಖಾಲಿ ನಿವೇಶನದಲ್ಲಿ ಒಂದು ಹೊರೆ ಹಸಿಹುಲ್ಲು ಹಾಕಿ ಕರೆದರೆ ಒಂದು ಹೋಗುತ್ತದೆ, ಅದರ ಹಿಂದೆ ಉಳಿದವೂ ಹೋಗುತ್ತವೆ. ಹಿಂಗಾಲಿನ ಹಿಂದೆ ಮಾತ್ರ ಯಾರೂ ನಿಲ್ಲಬಾರದು.

ನಮ್ಮ ಕಡೆ ರಸ್ತೆಯಲ್ಲಿ ಅಲೆಯುವ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಮಾಲೀಕರಿದ್ದಾರೆ. ಮದುವೆ ಸೀಸನ್ ಮುಗಿದಾಗ ಮೇವಿನ ಖರ್ಚು ಉಳಿಸಲು ಬಿಟ್ಟವು, ವಯಸ್ಸಾಯಿತೆಂದು ಬಿಟ್ಟವು. ಸಾಕಿದ ಪ್ರಾಣಿಗೆ ಮೇವು, ನೀರು, ನೆಲೆ ಕೊಡದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಉಳಿದ ಆ ಮೂರು ಈಗ ಎಲ್ಲಿವೆ ಎಂದು ನಿಮ್ಮ ವಾಕಿಂಗ್ ಗುಂಪಿನವರು ದಯವಿಟ್ಟು ಹುಡುಕಿ. ಅವು ಅದೇ ಜಾಗಕ್ಕೆ ಮರಳಿ ಬರುವ ಸಾಧ್ಯತೆ ಹೆಚ್ಚು, ಬರುವುದು ಕತ್ತಲಲ್ಲಿ. ಅವುಗಳ ಕುತ್ತಿಗೆಗೆ ಬೆಳಕಿಗೆ ಹೊಳೆಯುವ ಪಟ್ಟಿ ಕಟ್ಟಿಸಿ, ಮಾಲೀಕರು ಯಾರೆಂದು ಹತ್ತಿರದ ಸಾರೋಟಿನವರನ್ನು ವಿಚಾರಿಸಿ. ಸಿಗದಿದ್ದರೆ ಠಾಣೆಯಲ್ಲಿ ಲಿಖಿತ ದೂರು ಕೊಡಿ.